ಪದಚರ್ಚೆ: ಎಕೋ ರಿಪೋರ್ಟಿನ ‘ಲೀಕ್’, ‘ಪಂಪಿಂಗ್’, ‘ಹಿಗ್ಗು’ – ರೋಗಿಯ ಕೈಗೆ ಯಾವ ಕನ್ನಡ ಕೊಡುವುದು?

ಎಲ್ಲರಿಗೂ ನಮಸ್ಕಾರ.

ಹೃದಯದ ಎಕೋ ಮಾಡಿಸಲು ಹೋಗುವವರಿಗೆಂದು ಒಂದು ಹಾಳೆಯ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಓದುವವರು ನಮ್ಮ ಕೊಡಗಿನವರು: ತೋಟದ ಮಾಲೀಕರು, ಲೈನ್ ಮನೆಗಳ ತೋಟ ಕಾರ್ಮಿಕರು, ಸೇನೆಯಿಂದ ನಿವೃತ್ತರಾದವರು. ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಯಾವುದೇ ಆಡಲಿ, ಹಾಳೆ ಕೈಗೆ ಬಂದರೆ ಓದುವುದು ಕನ್ನಡದಲ್ಲೇ. ಹಾಗಾಗಿ ಯಾರ ಮನೆಮಾತೂ ಅಲ್ಲದ, ಆದರೆ ಎಲ್ಲರಿಗೂ ತಿಳಿಯುವ ಕನ್ನಡ ಬೇಕು. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಪರೀಕ್ಷೆಯ ಹೆಸರನ್ನು ದಯವಿಟ್ಟು ಚರ್ಚೆಗೆ ಎಳೆಯಬೇಡಿ. ‘ಮಾರ್ದನಿ’ ಎಷ್ಟು ಚೆಂದದ ಪದ, ಒಪ್ಪುತ್ತೇನೆ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ‘ಮಾರ್ದನಿ ಮಾಡಿಸಬೇಕು’ ಅಂದವರಿಗೆ ಚೀಟಿ ಸಿಗುವುದಿಲ್ಲ. ಚೀಟಿಯಲ್ಲಿ ಇರುವುದು ಎಕೋ ಅಥವಾ ಟೂ ಡಿ ಎಕೋ. ಹಾಳೆಯಲ್ಲೂ ಅದೇ ಇರಲಿ. ಮಾರ್ದನಿಯನ್ನು ವಿವರಣೆಗೆ ಇಟ್ಟುಕೊಂಡಿದ್ದೇನೆ: ‘ಕಿವಿಗೆ ಕೇಳಿಸದ ಸದ್ದನ್ನು ಎದೆಯೊಳಗೆ ಕಳಿಸಿ, ಅದು ಹೃದಯಕ್ಕೆ ತಾಗಿ ಮರಳಿ ಬರುವ ಮಾರ್ದನಿಯಿಂದ ಚಿತ್ರ ಮೂಡಿಸುವ ಪರೀಕ್ಷೆ.’ ಪಠ್ಯಪುಸ್ತಕದ ‘ಶ್ರವಣಾತೀತ’ಕ್ಕಿಂತ ‘ಕಿವಿಗೆ ಕೇಳಿಸದ’ ಹಗುರ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿಸೀತು. ದೊಡ್ಡವರ ಎಕೋದಲ್ಲಿ ಬಳಸುವ ಸದ್ದು ಸುಮಾರು 20ರಿಂದ 50 ಲಕ್ಷ ಕಂಪನದ್ದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುಟ್ ಹರ್ಟ್ಸ್ ಇದನ್ನು ಮೊದಲು ಮಾಡಿದ್ದು ಲೋಹದೊಳಗಿನ ಬಿರುಕು ಹುಡುಕುವ ಯಂತ್ರ ಇಟ್ಟುಕೊಂಡು. ಇದೆಲ್ಲ ಹಾಳೆಗೆ ಬೇಡ, ಇಲ್ಲಿನ ಕುತೂಹಲಿಗಳಿಗೆ ಹೇಳಿದೆ ಅಷ್ಟೆ.

‘ಹೃದಯದ ಸ್ಕ್ಯಾನಿಂಗ್’ ಅಂತ ಬರೆಯಿರಿ, ಎಲ್ಲರಿಗೂ ಗೊತ್ತಾಗುತ್ತದೆ ಎಂದು ಒಬ್ಬ ಗೆಳೆಯರ ಸಲಹೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ಬರಿಯ ‘ಸ್ಕ್ಯಾನಿಂಗ್’ ಅಂದರೆ ಬಸುರಿಯರದ್ದು. 1994ರ ಕಾಯ್ದೆಯಿಂದಾಗಿ ‘ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಆ ಕೋಣೆಗಳ ಮುಂದೆ ಕಂಡು ಕಂಡು ಆ ಅರ್ಥ ಇನ್ನೂ ಗಟ್ಟಿಯಾಗಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಹೊಟ್ಟೆಯ ಸ್ಕ್ಯಾನಿಂಗ್‌ನ ನಿಯಮಗಳು ಆ ಪದದ ಜತೆಗೇ ಬಂದುಬಿಡುತ್ತವೆ. ತುಂಬಾ ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕು, ಇಲ್ಲವೇ ಉಪವಾಸ ಬರಬೇಕು ಎಂದುಕೊಳ್ಳುತ್ತಾರೆ. ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋಗೆ ಎರಡೂ ಬೇಡ. ಬೆಳಗಿನ ರೊಟ್ಟಿ, ಕಾಫಿ, ದಿನದ ಮಾತ್ರೆ ಎಲ್ಲ ಮುಗಿಸಿಯೇ ಹೋಗಬಹುದು. ಎಕ್ಸ್‌ರೇ ಕಿರಣವೂ ಇದರಲ್ಲಿ ಇಲ್ಲ.

ಇನ್ನು ನಿಜವಾದ ತಕರಾರು ರಿಪೋರ್ಟಿನ ಮಾತುಗಳಲ್ಲಿದೆ.

ಮೊದಲನೆಯದು ‘ಲೀಕ್’. ‘ವಾಲ್ವ್ ಸ್ವಲ್ಪ ಲೀಕ್ ಇದೆ’ ಎಂದು ಡಾಕ್ಟರು ಹೇಳಿದ್ದನ್ನು ‘ಕವಾಟದ ಸೋರಿಕೆ’ ಅಂತ ಬರೆದರೆ ಪದಕ್ಕೆ ಪದ ಸರಿ, ಅರ್ಥ ಮಾತ್ರ ಅಡ್ಡದಾರಿ ಹಿಡಿಯುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಹೆಂಚು ಸೋರುವುದನ್ನು ನೋಡುವ ನಮಗೆ ಸೋರುವುದೆಂದರೆ ಇರುವ ಜಾಗದಿಂದ ಆಚೆ ಬೀಳುವುದು. ಹೃದಯದಿಂದ ರಕ್ತ ಎದೆಗೂಡಿಗೆ ಸುರಿಯುತ್ತಿದೆ ಎಂದು ಹೆದರಿದವರನ್ನು ಕಂಡಿದ್ದೇನೆ. ಆಗುವುದು ಅದಲ್ಲ. ಕವಾಟ ಪೂರ್ತಿ ಮುಚ್ಚದೆ, ಮುಂದೆ ಹೋದ ರಕ್ತದಲ್ಲಿ ಒಂದಿಷ್ಟು ಬಂದ ಕೋಣೆಗೇ ಹಿಂತಿರುಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆರೆಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸರಿಯಾಗಿ ಕೂರದಿದ್ದರೆ ಪೈಪಿನ ನೀರು ಕೆರೆಗೇ ಇಳಿದುಹೋಗುತ್ತದೆ, ಪೈಪು ಒಡೆದಿರುವುದಿಲ್ಲ. ಅದಕ್ಕೇ ‘ಹಿಂಸೋರಿಕೆ’ ಅಂತ ಒಂದು ಪದ ಕಟ್ಟಿದೆ. ಓದಿದವರಿಗೆ ಮೊದಲು ಕಂಡದ್ದು ‘ಹಿಂಸೆ’. ಕೈಬಿಟ್ಟೆ. ಈಗ ಬರೆದಿರುವುದು ‘ರಕ್ತ ಸ್ವಲ್ಪ ಹಿಂದಕ್ಕೆ ಮರಳುತ್ತಿದೆ’. ಉದ್ದವಾಯಿತು, ಆದರೂ ಇದೇ ವಾಸಿ ಅನಿಸುತ್ತದೆ. ಜತೆಗೆ ಒಂದು ಸಾಲು: ‘ತೀರಾ ಸ್ವಲ್ಪ ಮರಳುವುದು ಆರೋಗ್ಯವಂತರಲ್ಲೂ ಕಾಣುವಂಥದ್ದೇ.’

ಎರಡನೆಯದು ‘ಪಂಪಿಂಗ್ 60 ಪರ್ಸೆಂಟ್’. ಕೇಳಿದವರು ಕೂಡಲೇ ಮಾಡುವ ಲೆಕ್ಕ: ನೂರರಲ್ಲಿ 40 ಹೋಯಿತು! ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಮೈಗೆಲ್ಲ ರಕ್ತ ದೂಡುವ ಕೋಣೆಯಲ್ಲಿ, ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬುದು ಆ ಅಂಕಿ. ಸುಮಾರು 120 ಮಿಲಿ ತುಂಬಿಕೊಂಡು 70 ಮಿಲಿ ದೂಡಿದರೆ ಶೇ. 58. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ, ಶೇ. 55ರಿಂದ 70ರವರೆಗೆ ಇದ್ದರೆ ಚೆನ್ನಾಗಿದೆ ಎಂದೇ ಲೆಕ್ಕ. ಆದ್ದರಿಂದ ‘ಸಾಮರ್ಥ್ಯ’, ‘ಕಾರ್ಯಕ್ಷಮತೆ’ ಎಂಬ ಪದಗಳನ್ನು ಇಲ್ಲಿ ಬಳಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಪತ್ರಿಕೆಗಳು ಎಷ್ಟೇ ಬಳಸಲಿ. ‘ಬಡಿತಕ್ಕೆ ಹೊರಹೋಗುವ ಪಾಲು’ ಎಂದರೆ ಹೇಗೆ? ‘ಪಾಲು’ ಅಂದಾಗ ನೂರು ತುಂಬಲೇಬೇಕೆಂಬ ನಿರೀಕ್ಷೆ ಇರುವುದಿಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡಿದ್ದು. ಹೃದಯದ ಎರಡು ಚಲನೆಗಳಿಗೆ ಪುಸ್ತಕದ ‘ಸಂಕೋಚನ–ವ್ಯಾಕೋಚನ’ ಬಿಟ್ಟು ‘ಕುಗ್ಗುವುದು–ಹಿಗ್ಗುವುದು’ ಎಂದು ಬರೆದೆ. ನಮ್ಮದೇ ಜೋಡಿ, ಬಾಯಲ್ಲಿ ಇರುವಂಥದ್ದು. ಆದರೆ ಹೃದಯದ ಕೋಣೆ ರೋಗದಿಂದ ದೊಡ್ಡದಾಗಿದ್ದರೆ ಅದಕ್ಕೂ ‘ಹೃದಯ ಹಿಗ್ಗಿದೆ’ ಎನ್ನುವ ರೂಢಿ ಆಗಲೇ ಇದೆ. ಒಂದೇ ಹಾಳೆಯಲ್ಲಿ ‘ಹಿಗ್ಗಬೇಕು’ ಅಂತಲೂ ‘ಹಿಗ್ಗಿದೆ’ ಅಂತಲೂ ಬಂದರೆ ಓದುವವರ ಗತಿ? ರೋಗಕ್ಕೆ ‘ದೊಡ್ಡದಾಗಿದೆ’, ಚಲನೆಗೆ ‘ಹಿಗ್ಗು’ ಎಂದು ಹಂಚಿಕೊಳ್ಳಬಹುದೇ? ವಯಸ್ಸಾದವರ ರಿಪೋರ್ಟಿನಲ್ಲಿ ಹೃದಯದ ಸ್ನಾಯು ಸಡಿಲವಾಗುವುದು ನಿಧಾನ ಎಂಬ ಷರಾ ಸಾಮಾನ್ಯ; ‘ಸಡಿಲ’ ಎಂದು ಬರೆದರೆ ನಟ್ಟು ಸಡಿಲಾದ ಹಾಗೆ ಕೇಳುತ್ತದೆ. ‘ಹಿಗ್ಗುವುದು ನಿಧಾನ’ ಅಂದರೆ ತಿಳಿಯುತ್ತದೆ. ಈ ಕಾರಣಕ್ಕೂ ಹಿಗ್ಗನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಪರದೆಯ ಬಣ್ಣಗಳದ್ದು ಬೇರೆ ಕಥೆ. ಶಾಲೆಯ ಚಿತ್ರದಲ್ಲಿ ಕೆಂಪು ಶುದ್ಧ ರಕ್ತ, ನೀಲಿ ಅಶುದ್ಧ ರಕ್ತ. ಎಕೋ ಪರದೆಯಲ್ಲಿ ಸಾಮಾನ್ಯವಾಗಿ ಕೆಂಪೆಂದರೆ ಎದೆಗಿಟ್ಟ ಸಾಧನದ ಕಡೆ ಬರುವ ರಕ್ತ, ನೀಲಿಯೆಂದರೆ ಅದರಿಂದ ದೂರ ಹೋಗುವ ರಕ್ತ. ನಡುವೆ ‘ಹುಸ್ಸ್ ಹುಸ್ಸ್’ ಎಂದು ಕೇಳುವುದು ರಕ್ತದ ಓಟವನ್ನು ಯಂತ್ರ ಸದ್ದಾಗಿಸಿದ್ದು. ಇದನ್ನು ಬರೆಯಲೇಬೇಕು, ಪದದ ತೊಡಕಿಲ್ಲ.

ಸೂಚನೆಗಳಲ್ಲಿ ಎರಡು ಕಡೆ ನೆರವು ಬೇಕು. ಎಡಮಗ್ಗುಲಾಗಿ ಮಲಗಿಸಿ, ಎಡಗೈ ತಲೆಯ ಕಡೆ ಇಡಿಸಿ, ಪಕ್ಕೆಲುಬುಗಳ ಸಂದಿಯಲ್ಲಿ ಸಾಧನವನ್ನು ಒತ್ತಿ ನೋಡುತ್ತಾರೆ. ನಡುವೆ ಗಾಳಿ ಉಳಿದರೆ ಸದ್ದು ಒಳಗೆ ದಾಟುವುದಿಲ್ಲ, ಅದಕ್ಕೇ ಜೆಲ್ ಹಚ್ಚುವುದು. ‘ತಣ್ಣನೆಯ ಲೋಳೆ’ ಎಂದು ಬರೆದಿದ್ದೇನೆ, ಅಸಹ್ಯವೆನಿಸುತ್ತದೆಯೇ? ಶ್ವಾಸಕೋಶದ ಗಾಳಿಯೂ ಅಡ್ಡ ಬರುವುದರಿಂದ ಉಸಿರು ಹೊರಬಿಟ್ಟು ಹಾಗೇ ಇರಲು ಹೇಳುತ್ತಾರೆ. ‘ಉಸಿರು ಕಟ್ಟಿ’ ಅನ್ನಲೇ? ಉಸಿರು ಕಟ್ಟುತ್ತದೆ ಎಂದೇ ಆಸ್ಪತ್ರೆಗೆ ಬಂದವರಿಗೆ ಆ ಮಾತು ಹೇಗೆ ಕೇಳಿಸೀತು! ‘ಉಸಿರು ಬಿಟ್ಟು, ಹೇಳುವ ತನಕ ಮತ್ತೆ ಎಳೆದುಕೊಳ್ಳಬೇಡಿ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ಕೊನೆಯದಾಗಿ, ಗಂಟಲಿನ ಮೂಲಕ ಅನ್ನನಾಳಕ್ಕೆ ಕೊಳವೆ ಇಳಿಸಿ ಮಾಡುವ ಎಕೋ. ಇದಕ್ಕೆ ಮಾತ್ರ ಗಂಟೆಗಟ್ಟಲೆ ಉಪವಾಸ ಕಡ್ಡಾಯ, ಮಂಪರಿನ ಔಷಧ ಕೊಟ್ಟರೆ ಅವತ್ತು ಗಾಡಿ ಓಡಿಸುವ ಹಾಗಿಲ್ಲ. ಮೈಸೂರಿಗೋ ಮಂಗಳೂರಿಗೋ ಹೋದವರು ಘಾಟಿ ರಸ್ತೆಯಲ್ಲಿ ಮರಳುವಾಗ ಜತೆಗೊಬ್ಬರು ಬೇಕೇ ಬೇಕು. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು (TEE) ಕೂಡಿಸಿ ‘ಟೀ’ ಎಂದು ಕರೆಯುವವರಿದ್ದಾರೆ. ‘ನಾಳೆ ಬೆಳಗ್ಗೆ ನಿಮಗೆ ಟೀ ಇದೆ, ಏನೂ ಕುಡಿಯದೆ ಬನ್ನಿ’ ಎಂದು ಕಾಫಿ ನಾಡಿನಲ್ಲಿ ಬರೆದು ಕೊಡಲಾರೆ. ‘ಗಂಟಲೊಳಗಿನ ಎಕೋ’ ಎಂದರೆ ಗಂಟಲನ್ನೇ ಪರೀಕ್ಷಿಸುತ್ತಾರೆ ಎಂದಾಗುತ್ತದೆ. ‘ಬಾಯಿಂದ ಕೊಳವೆ ಇಳಿಸಿ ಮಾಡುವ ಎಕೋ’ಗಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.