ರವಿವರ್ಮ ಪ್ರೆಸ್ಸಿನ ಲಕ್ಷ್ಮಿ: ಕಲ್ಲಚ್ಚೋ, ಆಫ್‌ಸೆಟ್ಟೋ?

ಮಾಟುಂಗಾ ಓದುಗ:
ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ಲಕ್ಷ್ಮಿಯ ಪಟವೊಂದು ಮಾರಾಟಕ್ಕಿದೆ. ಕೆಳಗೆ ರವಿವರ್ಮ ಪ್ರೆಸ್ ಹೆಸರಿದೆ, ಕಾಗದ ಹಳದಿಗಟ್ಟಿದೆ. ಸೀರೆಯಂಚಲ್ಲಿ ಕೆಂಪು ಬಣ್ಣ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಬಂದಿದೆ. ನಕಲಿಯೇ? ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಅಚ್ಚುಮೊಳೆ:
ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಯ್ಯಿರಿ. ಕೆನ್ನೆ, ಕತ್ತು, ಆಕಾಶ ನೋಡಿ. ಆಫ್‌ಸೆಟ್ಟಲ್ಲಿ, ಅಂದರೆ ಈಗಿನ ಯಂತ್ರದ ಅಚ್ಚಲ್ಲಿ, ನಾಲ್ಕು ಬಣ್ಣದ ಚುಕ್ಕಿಗಳು ಸಣ್ಣ ಹೂಗಳ ಹಾಗೆ ಸಾಲಾಗಿ ಕೂತಿರುತ್ತವೆ. ಕಲ್ಲಚ್ಚು ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ತೆಗೆದ ಅಚ್ಚು (ಲಿಥೊ), ಅದರ ಚುಕ್ಕಿ ಕೈಯಲ್ಲಿ ಇಟ್ಟದ್ದು: ಒಂದು ದಪ್ಪ, ಒಂದು ಸಣ್ಣ, ಸಾಲೇ ಇಲ್ಲ. ಕೈಚುಕ್ಕಿಯ ಮೇಲೆ ಮತ್ತೆ ಆ ಸಾಲು ಕಂಡರೆ, ಹಳೆ ಪಟದ ಫೋಟೊ ತೆಗೆದು ಅಚ್ಚು ಹಾಕಿದ್ದು. ಆಗ ಪ್ರೆಸ್ಸಿನ ಹೆಸರೂ ಜೊತೆಗೇ ಬಂದಿರುತ್ತದೆ. ಹಳದಿ ಕಾಗದವನ್ನಂತೂ ನಂಬಲೇಬೇಡಿ, ಚಹಾ ನೀರಲ್ಲಿ ಅದ್ದಿದರೂ ಆ ಬಣ್ಣ ಬರುತ್ತದೆ. ವಿಳಾಸ ಓದಿ: ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋಣಾವಳದ ಹತ್ತಿರ ಮಳವಲಿಗೆ ಹೋಯಿತು.

ಗೋಂದು ಮತ್ತು ಶಾಯಿ:
ಗೆರೆ ದಾಟಿದ ಕೆಂಪು ನಕಲಿಗೆ ಸಾಕ್ಷಿಯಲ್ಲ ಸರ್. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ದೊಡ್ಡ ಪಟಕ್ಕೆ ಹತ್ತು ದಾಟುತ್ತದೆ. ಬವೇರಿಯದ ಸೋಲ್ನ್‌ಹೋಫನ್ ಸುಣ್ಣಕಲ್ಲನ್ನು ಮರಳು, ನೀರು ಹಾಕಿ ತಿಕ್ಕಿ ಸಮಮಾಡಿ, ಜಿಡ್ಡಿನ ಕ್ರೆಯಾನಿನಿಂದ ಎಡಬಲ ತಿರುಗಿಸಿ ಚಿತ್ರ ಬರೆಯುತ್ತಿದ್ದರು. ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಸವರಿದ ಮೇಲೆ, ಬರೆಯದ ಜಾಗ ನೀರು ಹಿಡಿಯುತ್ತದೆ, ಬರೆದದ್ದು ಶಾಯಿ ಹಿಡಿಯುತ್ತದೆ. ಆಮ್ಲ ಹೆಚ್ಚಾದರೆ ನವುರು ಚುಕ್ಕಿ ಸುಟ್ಟುಹೋಗುತ್ತದೆ. ಕಡಿಮೆಯಾದರೆ ಚುಕ್ಕಿಗಳ ನಡುವೆ ಶಾಯಿ ತುಂಬಿ ನೆರಳು ಕೊಳಕಾಗುತ್ತದೆ.

ಚಿತ್ರದ ಗೆರೆಗಳಷ್ಟೇ ಇರುವ ಗೆರೆಗಲ್ಲಿನ ಅಚ್ಚಿಗೆ ಕೆಂಪು ಪುಡಿ ಉದುರಿಸಿ, ಉಳಿದ ಕಲ್ಲುಗಳ ಮೇಲೆ ಒತ್ತಿ ಎಲ್ಲೆ ಮೂಡಿಸುತ್ತಿದ್ದರು. ಕಲ್ಲು ಅಲುಗುವುದಿಲ್ಲ, ಹಾಳೆ ಹಿಗ್ಗುತ್ತದೆ. ಒಂದು ಬಣ್ಣ ಒಣಗುವುದರೊಳಗೆ ಮಳೆಗಾಲದ ತೇವ ಕುಡಿದರೆ ಮುಂದಿನ ಬಣ್ಣ ಕೂಡುವುದಿಲ್ಲ. ಕೆಂಪು ಪಟದುದ್ದಕ್ಕೂ ಒಂದೇ ಅಳತೆ ಜರುಗಿದ್ದರೆ ಹಾಳೆ ಇಟ್ಟದ್ದು ತಪ್ಪು. ಒಂದು ಬದಿಯಿಂದ ಇನ್ನೊಂದು ಬದಿಗೆ ಹೆಚ್ಚುತ್ತಾ ಹೋಗಿದ್ದರೆ ಕಾಗದ ಹಿಗ್ಗಿದೆ. ಅಂಚು ಕತ್ತರಿಸದೆ ಉಳಿದಿದ್ದರೆ ಬಣ್ಣಗಳನ್ನು ಸರಿಯಾಗಿ ಕೂಡಿಸಲು ಹಾಕುವ ಕೂಡುಗುರುತಿನ ಶಿಲುಬೆ ಗೆರೆಗಳನ್ನೂ ಹುಡುಕಿ. ಸಿಕ್ಕರೆ ಬಹಳ ಬೆಲೆಬಾಳುವ ಸುಳಿವು.

ಪುಣೆ ಚೌಕಟ್ಟು:
ಫ್ರೇಮಿನಿಂದ ತೆಗೆಸಿ, ಓರೆ ಬೆಳಕಲ್ಲಿ ನೋಡಿ. ಒಲಿಯೋಗ್ರಾಫ್ (ಎಣ್ಣೆಬಣ್ಣದ ಚಿತ್ರದ ಹಾಗೆ ಕಾಣಿಸುವ ಅಚ್ಚು) ಆಗಿದ್ದರೆ ವಾರ್ನಿಶ್ ಹೊಳೆಯುತ್ತದೆ, ಕೆಲವಕ್ಕೆ ಕ್ಯಾನ್ವಾಸ್ ನೆಯ್ಗೆಯ ಒತ್ತೂ ಇರುತ್ತದೆ. ಆ ವಾರ್ನಿಶ್ ಗಾಜಿಗೆ ಅಂಟಿದ್ದರೆ ಎಳೆಯಲೇಬೇಡಿ, ಬಣ್ಣ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜಿನ ಸಮೇತ ಕಾಗದ ಸಂರಕ್ಷಕರಿಗೇ ಒಯ್ಯಿರಿ. ಹೊಸ ಫ್ರೇಮಿಗೆ ಆಮ್ಲರಹಿತ ಮೌಂಟ್ (ಪಟದ ಸುತ್ತಲಿನ ರಟ್ಟು) ಹಾಕಿಸಿ ಗಾಜಿಗೂ ಪಟಕ್ಕೂ 3–4 ಮಿ.ಮೀ. ಅಂತರ ಬಿಡಿಸಿ. ಹಿಂದಿನ ಪ್ಲೈವುಡ್ ತೆಗೆಸಿಬಿಡಿ. ಮಳೆ ಹೊಡೆಯುವ ಹೊರಗೋಡೆಗೆ ಮಾತ್ರ ತೂಗಹಾಕಬೇಡಿ.