ಡಾಫ್ನೆ ನಿಜವಾಗಿ ಒಪ್ಪಿದಳಾ?

ತೀರ್ಥಹಳ್ಳಿಯವಳು:
ರೋಮನ್ ಕವಿ ಓವಿಡ್ ಬರೆದ ರೂಪಾಂತರದ ಕಥೆಗಳನ್ನು ಓದುತ್ತಿದ್ದೇನೆ. ಒಟ್ಟು 15 ಭಾಗ. ನಾನು ಮೊದಲ ಭಾಗದ ಡಾಫ್ನೆಯ ಹತ್ತಿರವೇ ನಿಂತುಬಿಟ್ಟಿದ್ದೇನೆ. ಪ್ರೇಮದ ದೇವರು ಕ್ಯುಪಿಡ್ ಇನ್ನೊಬ್ಬ ದೇವರಾದ ಅಪೊಲೊಗೆ ಪ್ರೀತಿ ಹುಟ್ಟಿಸುವ ಚಿನ್ನದ ಬಾಣ ಬಿಡುತ್ತಾನೆ, ಅವಳಿಗೆ ಪ್ರೀತಿ ಓಡಿಸುವ ಸೀಸದ್ದು. ಅಪೊಲೊ ಅವಳನ್ನು ಅಟ್ಟಿಸಿಕೊಂಡು ಬರುತ್ತಾನೆ. ಓಡಿ ಓಡಿ ಸುಸ್ತಾದ ಅವಳು ಅಪ್ಪನನ್ನು ಕೂಗುತ್ತಾಳೆ. ಅಪ್ಪ ಪೆನೇಯಸ್ ಒಂದು ನದಿ. ಅವಳು ಲಾರೆಲ್ ಮರವಾಗುತ್ತಾಳೆ. ಅಪೊಲೊ ಆಗಲೂ ಬಿಡುವುದಿಲ್ಲ. ನೀನು ನನ್ನ ಮರ ಅಂತ ಹೇಳಿ ಅವಳ ಎಲೆಗಳನ್ನೇ ಮುಡಿಯಲು ಹೊರಡುತ್ತಾನೆ. ಕೊನೆಗೆ ಮರ ತಲೆಯಾಡಿಸಿತಂತೆ. ಇದು ಪ್ರೀತಿನಾ? ಎರಡು ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲ.

ಸಾಗರದ ಮೇಷ್ಟ್ರು:
ತಂಗಿ, ಆ ಸಾಲನ್ನು ಇನ್ನೊಮ್ಮೆ ಓದು. ಲ್ಯಾಟಿನ್‌ನಲ್ಲಿ ಇರುವುದು 'ತಲೆಯಾಡಿಸಿದ ಹಾಗೆ ಕಂಡಿತು' ಅಂತ. ಕಂಡದ್ದು ಅಷ್ಟೇ. ಅದಕ್ಕೂ ಮೊದಲು ಅವನು ಮುತ್ತಿಟ್ಟಾಗ ಮರ ಹಿಂದೆ ಸರಿಯಿತು ಅಂತಲೂ ಓವಿಡ್ ಬರೆದಿದ್ದಾನೆ. ಪ್ರೀತಿ ಬೇಕು ಅಂದ್ರೆ 8ನೇ ಭಾಗಕ್ಕೆ ಹೋಗು. ಬಾಸಿಸ್, ಫಿಲೆಮನ್ ಅಂತ ಬಡ ಮುದುಕ ಮುದುಕಿ. ವೇಷ ಮರೆಸಿ ಬಂದ ದೇವರಿಗೆ ಇದ್ದದ್ದನ್ನೇ ಬಡಿಸುತ್ತಾರೆ. ಇಬ್ಬರೂ ಒಂದೇ ಗಳಿಗೆಯಲ್ಲಿ ಸಾಯಬೇಕು ಅಂತ ವರ ಕೇಳುತ್ತಾರೆ. ಒಬ್ಬರು ಓಕ್ ಮರ, ಇನ್ನೊಬ್ಬರು ಲಿಂಡನ್ ಮರ ಆಗುತ್ತಾರೆ. ಎಲೆ ಮುಖ ಮುಚ್ಚುವವರೆಗೂ ಮಾತಾಡುತ್ತಲೇ ಇರುತ್ತಾರೆ.

ಕೊಪ್ಪದಿಂದ:
11ನೇ ಭಾಗದ ಆಲ್ಸಿಯೊನೆಯನ್ನೂ ಓದಿ ಅಕ್ಕಾ. ಗಂಡ ಸಮುದ್ರದ ಪಾಲಾದ ಮೇಲೆ ಇಬ್ಬರೂ ಮಿಂಚುಳ್ಳಿಗಳಾಗಿ ಮತ್ತೆ ಸೇರುತ್ತಾರೆ. ನಮ್ಮ ಹಳ್ಳದಲ್ಲಿ ಜೋಡಿ ಮಿಂಚುಳ್ಳಿ ಕಂಡರೆ ಈಗ ನಾನು ನಿಂತು ನೋಡುತ್ತೇನೆ.

ತೀರ್ಥಹಳ್ಳಿಯವಳು:
ಮೇಷ್ಟ್ರೇ, 'ಕಂಡಿತು' ಅನ್ನೋದನ್ನು ನಾನು ಗಮನಿಸಿರಲೇ ಇಲ್ಲ. ಈಗ ನಮ್ಮಜ್ಜಿ ನೆನಪಾದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆ ಹೇಳುತ್ತಿದ್ದರು. ಒಂದು ಕೊಡ ನೀರು ಹೊಯ್ದರೆ ಮರ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿ. ಮರವಾಗುವ ಮೊದಲು ಅವಳು ಅಕ್ಕನಿಗೆ ಹೇಳುವ ಮಾತೊಂದಿದೆ, ಹೂವು ಕೀಳು, ಎಲೆ ಮುರಿಯಬೇಡ, ಉಗುರು ತಾಗಿಸಬೇಡ ಅಂತ. ಅಜ್ಜಿ ಅಲ್ಲಿಗೆ ಬಂದಾಗ ಮೆಟ್ಟುಕತ್ತಿ ನಿಲ್ಲಿಸಿ ನಮ್ಮ ಕೈಗಳನ್ನು ನೋಡುತ್ತಿದ್ದರು. ಆಮೇಲೆ ಬೇರೆ ಯಾರೋ ಕೊಂಬೆ ಮುರಿಯುತ್ತಾರೆ, ಎರಡನೇ ಕೊಡವನ್ನೂ ಸರಿಯಾಗಿ ಹೊಯ್ಯುವುದಿಲ್ಲ. ಡಾಫ್ನೆಗೆ ಆ ಎರಡನೇ ಕೊಡವೇ ಇಲ್ಲ ಅಲ್ವಾ? ಅಪ್ಪ ನದಿಯೇ ಆಗಿದ್ದರೂ.