ಟ್ರೇಲರ್ ಟೈರಿನ ಬಟನ್ ನೋಡಿ ಮೋಸ ಹೋಗಬೇಡಿ

ಭಾವಾ, ಫೋಟೊ ನೋಡಿದೆ. ಬೋಟ್ ಟ್ರೇಲರ್ ಟೈರಲ್ಲಿ ಬಟನ್ (ರಸ್ತೆಗೆ ತಾಗೋ ಗೆರೆಗಟ್ಟಿದ ರಬ್ಬರ್) ಇನ್ನೂ ಇದೆಯಲ್ಲ, ಇದರಲ್ಲೇ ಹೋಗ್ಲಾ, ಇಲ್ಲ ಕಾರಿನ ಹಳೇ ಟೈರ್ ಹಾಕ್ಲಾ ಅಂತ ಕೇಳಿದ್ರಿ. ಎರಡೂ ಬೇಡ.

ಈ ಟೈರುಗಳು ಓಡಿ ಸವೆಯೋದು ಕಮ್ಮಿ, ಬಿಸಿಲಲ್ಲಿ ಭಾರ ಹೊತ್ತು ನಿಂತು ಹಾಳಾಗೋದೇ ಜಾಸ್ತಿ. ನಿಮ್ಮ ಫೋಟೊದಲ್ಲೇ ರಿಮ್ಮಿನ ಹತ್ತಿರ ಕೂದಲೆಳೆ ಬಿರುಕು ಕಾಣ್ತಿದೆ. ಟೈರಿನ ಪಕ್ಕದಲ್ಲಿ ಡಿಓಟಿ ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ಓದಿ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಹೊರಗಡೆ ಪೂರ್ತಿ ಇಲ್ಲದಿದ್ರೆ ಒಳಬದಿಯಲ್ಲಿರುತ್ತೆ, ಟಾರ್ಚ್ ಹಿಡ್ಕೊಂಡು ಬಗ್ಗಿ ನೋಡ್ಬೇಕು. ಐದಾರು ವರ್ಷ ದಾಟಿದ್ರೆ ಬಟನ್ ಎಷ್ಟಿದ್ರೂ ತೆಗೆಸಿಬಿಡಿ. ಸ್ಟೆಪ್ನಿಗೂ ಇದೇ ಲೆಕ್ಕ, ಅದನ್ನ ಎಲ್ರೂ ಮರೀತಾರೆ.

ಕಾರಿನ ಟೈರಿನ ಸೈಡ್‌ವಾಲ್, ಅಂದ್ರೆ ಪಕ್ಕದ ಗೋಡೆ, ಮೆತ್ತಗೆ, ತಿರುವಲ್ಲಿ ಟ್ರೇಲರ್ ಓಲಾಡುತ್ತೆ. ಟ್ರೇಲರಿಗೆ ಹಾಕಿದ್ರೆ ಅದರ ಮೇಲೆ ಬರೆದಿರೋ ಭಾರವನ್ನ 1.1ರಿಂದ ಭಾಗಿಸಿ ಲೆಕ್ಕ ಹಿಡೀಬೇಕು ಬೇರೆ. ಸೈಜಿನ ಮುಂದೆ ಎಸ್‌ಟಿ (ಸ್ಪೆಷಲ್ ಟ್ರೇಲರ್, ಟ್ರೇಲರಿಗೆಂದೇ ಮಾಡಿದ್ದು) ಅಂತ ಇರೋದನ್ನೇ ಕೇಳಿ ತಗೊಳ್ಳಿ. ಎಲ್ಲವೂ ರೇಡಿಯಲ್ಲೇ (ಒಳಗಿನ ದಾರ ನೇರ ಅಡ್ಡಕ್ಕಿರೋದು) ಇರ್ಲಿ, ಬಯಾಸ್ (ದಾರ ಓರೆಯಾಗಿರೋದು) ಜೊತೆ ಬೆರೆಸಬೇಡಿ.

ಈಗ ಭಾರ. ಉದಾಹರಣೆಗೆ ಬೋಟು 650 ಕೆಜಿ, ಎಂಜಿನ್ 150, ಟ್ರೇಲರ್ 280, 100 ಲೀಟರ್ ಪೆಟ್ರೋಲ್ ಸುಮಾರು 75, ಬ್ಯಾಟರಿ, ಲಂಗರು, ಸಾಮಾನು 100 ಅಂತಿಟ್ಕೊಳ್ಳಿ. ಒಟ್ಟು 1255. ಒಂದೇ ಆಕ್ಸಲ್ ಆದ್ರೆ ಟೈರಿಗೆ ಸುಮಾರು 630, ಅದರ ಮೇಲೆ ಸುರಕ್ಷತೆಗೆ 20% ಸೇರಿಸಿದ್ರೆ 755 ಹತ್ತಿರ. ಎಸ್‌ಟಿ 205/75 ಆರ್ 14, ಲೋಡ್ ರೇಂಜ್ (ಭಾರ ಹೊರೋ ದರ್ಜೆ) ಸಿ ಟೈರು 798 ಕೆಜಿ ತಡೆಯುತ್ತೆ, ಸಾಕು. ಆದ್ರೆ 50 ಪಿಎಸ್‌ಐ ಗಾಳಿ ಇದ್ರೆ ಮಾತ್ರ! 35 ಹಾಕ್ಕೊಂಡು ಹೊರಟ್ರೆ ಪ್ರತಿ ಸುತ್ತಿಗೂ ಪಕ್ಕ ಮಡಚಿ ಬಿಚ್ಚಿ ಒಳಗಿಂದ ಕಾಯುತ್ತೆ. ಕೊನೆಗೆ ಬಟನ್ ಪದರವೇ ಕಿತ್ತು ಬಂದು ಮಡ್‌ಗಾರ್ಡ್ ಚಚ್ಚಿಹಾಕುತ್ತೆ. ಹಾಗಾಗಿ ಓಡಿಸೋಕೆ ಮುಂಚೆ, ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿ. ಬಿಸಿಯಾದ ಮೇಲೆ ಜಾಸ್ತಿ ತೋರಿಸ್ತು ಅಂತ ಬಿಡಿಸಬೇಡಿ. ರಿಮ್ಮೂ ಆ ಪ್ರೆಶರ್ ತಡೆಯುವಂಥದ್ದೇ ಇರಬೇಕು. ಸ್ಪೀಡ್ ರೇಟಿಂಗ್ ಬರೆದಿಲ್ಲದಿದ್ರೆ ಗಂಟೆಗೆ 100 ಕಿಮೀ ದಾಟಿಸಬೇಡಿ.

ಸವೆತ ನೋಡಿದ್ರೇ ಕಾಯಿಲೆ ಗೊತ್ತಾಗುತ್ತೆ: ಎರಡೂ ಅಂಚು ಸವೆದ್ರೆ ಗಾಳಿ ಕಮ್ಮಿ, ನಡುವೆ ಸವೆದ್ರೆ ಜಾಸ್ತಿ, ಒಂದೇ ಅಂಚಾದ್ರೆ ಆಕ್ಸಲ್ ಬಗ್ಗಿರಬಹುದು.

ಟೈರ್ ತೆಗೆದಾಗ್ಲೇ ಬೇರಿಂಗೂ ನೋಡಿಸಿ. ಬೋಟ್ ಇಳಿಸುವಾಗ, ಓಡಿ ಬಿಸಿಯಾದ ಹಬ್ (ಬೇರಿಂಗ್ ಇರೋ ಚಕ್ರದ ನಡುಭಾಗ) ನೇರ ನೀರಿಗಿಳಿದ್ರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರು ಎಳ್ಕೊಳ್ಳುತ್ತೆ. ಗ್ರೀಸು ಹಾಲಿನ ಥರ ಬೆಳ್ಳಗಾಗಿದ್ರೆ ನೀರು ಸೇರಿದೆ ಅಂತಲೇ. ಹಬ್ ಮುಟ್ಟೋ ಹಾಗೆ ಆರೋವರೆಗೂ ದಡದಲ್ಲೇ ಕಾಯಿರಿ.

ಹೊಸ ಟೈರ್ ಹಾಕಿಸಿದ ಮೇಲೆ 15, 40, 80 ಕಿಮೀಗೆ ನಟ್ಟು ಮತ್ತೆ ಬಿಗಿ ನೋಡಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಟೈರಿಗೆ ಕವರ್ ಹಾಕಿ. ಹಾಂ, ಇನ್ನೊಂದು, ಕಾರಿನ ಜಾಕ್ ಎಷ್ಟೋ ಟ್ರೇಲರ್‌ಗೆ ಕೂರಲ್ಲ, ಸ್ಪ್ಯಾನರ್ ಸೈಜೂ ಬೇರೆ ಇರುತ್ತೆ. ಹೊರಡೋಕೆ ಮೊದಲು ಮನೇಲೇ ಒಂದು ಚಕ್ರ ಬಿಚ್ಚಿ ಹಾಕಿ ನೋಡ್ಕೊಳ್ಳಿ.